ಕೋಡಿ ನೀರು ಕೆಳಗಿನ ಹೊಲ ಕೊಚ್ಚಿತು. ಜಲಾನಯನ ಸಂಯೋಜಕರು ಯಾರಾದರೂ ಇದ್ದೀರಾ?

ಮಸಾರಿ ಹೊಲ (ಮುಂಡರಗಿ) · ಜೂನ್ 3, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಕಪ್ಪತಗುಡ್ಡದ ಬುಡದಲ್ಲಿರುವ ಮೂರು ಊರುಗಳ ಜಲಾನಯನ (ಮಳೆನೀರು, ಮಣ್ಣು ಹಿಡಿದಿಡುವ) ಕೆಲಸಕ್ಕೆ ನಾನು ಸಂಯೋಜಕಿ. ಸೇರಿ ಏಳು ತಿಂಗಳಾಯಿತು. ಓದಿದ್ದು ಕೃಷಿ ಡಿಪ್ಲೊಮಾ. ಸೇರಿದಾಗ ಒಂದು ದಿನದ ತರಬೇತಿ ಕೊಟ್ಟರು. ಅದರಲ್ಲಿ ಅರ್ಧ ದಿನ ಹಾರ, ಭಾಷಣ. ಇನ್ನರ್ಧ ದಿನ ಪಿಪಿಟಿ.

ಮಾರ್ಚ್‌ನಲ್ಲಿ ಮೇಲಿನ ಹೊಲದಲ್ಲಿ ಒಡ್ಡು ಹಾಕಿಸಿದೆವು. ಮಸಾರಿ (ಕೆಂಪು) ನೆಲ, ಇಳಿಜಾರು ಜಾಸ್ತಿ. ನಮ್ಮ ಎಂಜಿನಿಯರ್ ಬರುವುದು ಹದಿನೈದು ದಿನಕ್ಕೊಮ್ಮೆ. ಅವರು ಸುಣ್ಣದಲ್ಲಿ ಗೆರೆ ಹಾಕಿ ಹೋದರು. ಒಡ್ಡಿನಲ್ಲಿ ಹೆಚ್ಚಾದ ನೀರು ಹೊರಹೋಗುವ ಕೋಡಿ ಎಲ್ಲಿ ಬಿಡಬೇಕು ಎಂದು ಕೇಳಿದ್ದಕ್ಕೆ "ಜಾಗ ನೋಡಿ ಬಿಡಿ" ಅಂದರು. ಜೆಸಿಬಿಯವನಿಗೆ ಆ ದಿನ ಮಧ್ಯಾಹ್ನ ಬೇರೆ ಕಡೆ ಬಾಡಿಗೆ ಇತ್ತು. ಗಾಡಿ ತಿರುಗಿಸಲು ಎಲ್ಲಿ ಅನುಕೂಲವೋ ಅಲ್ಲೇ ಕೋಡಿ ಬಿಟ್ಟ. ನಾನು ಪಕ್ಕದಲ್ಲೇ ಇದ್ದೆ. ಸುಮ್ನೆ ನಿಂತಿದ್ದೆ, ಗೊತ್ತಿರಲಿಲ್ಲ.

ಕಳೆದ ಶುಕ್ರವಾರ ರೋಹಿಣಿ ಮಳೆ ಒಂದೂವರೆ ತಾಸು ಹೊಡೆಯಿತು. ಒಡ್ಡೇನೋ ನಿಂತಿದೆ. ಆದರೆ ಕೋಡಿಯಿಂದ ಬಿದ್ದ ನೀರು ಕೆಳಗಿನವರ ಹೊಲದ ನಡುವೆ ಮೊಣಕಾಲುದ್ದ ಕೊರಕಲು ಮಾಡಿದೆ. ಶೇಂಗಾ ಬಿತ್ತಲು ಹರಗಿ ಇಟ್ಟಿದ್ದ ಹೊಲ. ಮರುದಿನ ಬೆಳಿಗ್ಗೆ ಅವರು ಪಂಚಾಯಿತಿ ಕಟ್ಟೆಯ ಮುಂದೆ ಎಲ್ಲರೆದುರು ಕೇಳಿದರು: "ನೀರು ನಿಂದರಸ್ತೀವಿ ಅಂದ್ರಿ. ನನ್ನ ಮಣ್ಣು ಹಳ್ಳಕ್ಕ ಕಳಿಸಿದ್ರಿ. ಯಾರಿಗೆ ಕೇಳಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ನೆಲದ ಮಟ್ಟ ನೋಡುವುದನ್ನು ನಾನೇ ಕಲಿಯಬೇಕು, ಎಲ್ಲಿ ಕಲಿಸುತ್ತಾರೆ? ಈ ಜಗಳಕ್ಕೆ ಏನು ಮಾಡಲಿ? ಇನ್ನೊಂದು, ಕೇಳಲು ನಾಚಿಕೆ: ಮೂರು ತಿಂಗಳಿಂದ ಗೌರವಧನ ಬಂದಿಲ್ಲ, ಪೆಟ್ರೋಲ್ ಕೈಯಿಂದ ಹೋಗುತ್ತಿದೆ. ನಿಮಗೂ ಹೀಗೇನಾ?

ಹಳೇ ಸುಜಲಾ (ರಾಣೆಬೆನ್ನೂರು) · ಜೂನ್ 3, ರಾತ್ರಿ 11:55

ತಂಗಿ, ಮೊದಲು ಮಲಗು. ತಪ್ಪು ಜಾಗದಲ್ಲಿ ಕೋಡಿ ಬಿಡದ ಸಂಯೋಜಕ ಇನ್ನೂ ಹುಟ್ಟಿಲ್ಲ.

ನಾನು 2003ರಿಂದ ಸುಜಲಾದಲ್ಲಿ ಇದ್ದವನು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ವಿಶ್ವಬ್ಯಾಂಕ್ ನೆರವಿನ ಆ ಜಲಾನಯನ ಯೋಜನೆ 2001ರಲ್ಲಿ ಶುರುವಾಯಿತು. ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿ ಅಂತ ಐದು ಜಿಲ್ಲೆ. ಆಗ ನಮಗೆ 'ಏರಿಯಾ ಗ್ರೂಪ್' ಅಂತ ಇರುತ್ತಿತ್ತು. ಒಂದೇ ಇಳಿಜಾರಿನಲ್ಲಿ ಹೊಲ ಇರುವವರೆಲ್ಲ ಒಂದು ಗುಂಪು. ಓಣಿಯ ಲೆಕ್ಕ ಇಲ್ಲ, ಜಾತಿಯ ಲೆಕ್ಕ ಇಲ್ಲ, ನೀರಿನ ಲೆಕ್ಕ. ಮೇಲಿನವನ ಕೋಡಿ ಕೆಳಗಿನವನು ಒಪ್ಪದೆ ಬಿಡುವ ಹಾಗಿರಲಿಲ್ಲ. ಕಾಗದದ ಮೇಲೆ ಅಷ್ಟು ಚೆಂದ. ನಿಜದಲ್ಲಿ ನನ್ನ ಮೊದಲ ಕೋಡಿಯೂ ಒಬ್ಬರ ಬಣವೆ ಒದ್ದೆ ಮಾಡಿತು. ಅವರು ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ.

ಮಟ್ಟ ನೋಡಲು ಎ-ಫ್ರೇಮ್ ಸಾಕು. ಆಳುದ್ದಕ್ಕಿಂತ ತುಸು ಉದ್ದದ ಎರಡು ಬಿದಿರು ತಗೊಂಡು ತುದಿ ಸೇರಿಸಿ ಕಟ್ಟಿ. ಕಾಲುಗಳ ನಡುವೆ ಎರಡು ಮೀಟರ್ ಬರಲಿ. ನಡುವೆ ಅಡ್ಡಪಟ್ಟಿ. ತುದಿಯಿಂದ ದಾರ ಬಿಟ್ಟು ಕಲ್ಲು ಕಟ್ಟಿ. ಈಗ ನೆಲದಲ್ಲಿ ಎರಡು ಗೂಟ ಹೊಡೆದು ಎರಡು ಕಾಲನ್ನೂ ಅವುಗಳ ಮೇಲೆ ನಿಲ್ಲಿಸಿ. ದಾರ ಅಡ್ಡಪಟ್ಟಿಯ ಮೇಲೆ ಎಲ್ಲಿ ಬಂತೋ ಅಲ್ಲಿ ಪೆನ್ಸಿಲಿನಿಂದ ಗೆರೆ. ಆಮೇಲೆ ಕಾಲು ಅದಲು ಬದಲು ಮಾಡಿ ಅದೇ ಗೂಟಗಳ ಮೇಲೆ ಇಡಿ, ಇನ್ನೊಂದು ಗೆರೆ ಹಾಕಿ. ಎರಡರ ನಟ್ಟನಡುವಿನ ಗೆರೆಯೇ ಸಮಮಟ್ಟ. ಇದನ್ನು ಬಿಟ್ಟು ನೇರವಾಗಿ ಹೊಲಕ್ಕೆ ಹೋದರೆ ಎಲ್ಲಾ ಸುಳ್ಳು ಲೆಕ್ಕ. ಎಷ್ಟೋ ಕಡೆ ನೋಡಿದ್ದೇನೆ, ಫ್ರೇಮ್ ಚೆಂದ ಮಾಡಿರುತ್ತಾರೆ, ನಡುಗೆರೆ ಹಾಕಿರುವುದಿಲ್ಲ. ಗಾಳಿ ಇದ್ದರೆ ದಾರ ಆಡುತ್ತದೆ, ಬೆಳಿಗ್ಗೆ ಹೊತ್ತು ಹೋಗಿ.

ಎರಡನೆಯದು. ಮುಂದಿನ ಮಳೆ ಬಂದಾಗ ಮನೆಯಲ್ಲಿ ಕೂರಬೇಡ. ಕೊಡೆ ಹಿಡಿದು ಹೋಗಿ ಹೊಲದಲ್ಲಿ ನಿಲ್ಲು, ಮಿಂಚು ಇದ್ದರೆ ಮಾತ್ರ ಬೇಡ. ಮೇಲಿನವನನ್ನೂ ಕೆಳಗಿನವನನ್ನೂ ಕರೆದುಕೊಂಡು ಹೋಗು. ನೀರು ಯಾವ ದಾರಿ ಹಿಡಿಯುತ್ತದೆ ಎಂದು ಮೂವರೂ ಕಣ್ಣಾರೆ ನೋಡಿ, ಅಲ್ಲಲ್ಲೇ ಗೂಟ ಹೊಡೆಯಿರಿ. ಒಣಗಿದ ಹೊಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಇಳಿಜಾರು ಕಾಣುತ್ತದೆ. ನೀರು ಹರಿಯುವಾಗ ಒಂದೇ ಕಾಣುತ್ತದೆ.

ಧಾರವಾಡದ ವಾಲ್ಮಿಯಲ್ಲಿ ಕೇಳಿ ನೋಡು. ನೀರು, ನೆಲದ ತರಬೇತಿಗೇ ಇರುವ ಸಂಸ್ಥೆ ಅದು, 1985ರಿಂದ ಇದೆ. ನಿನಗೆ ಹತ್ತಿರ ಅಂದರೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ. ಒಬ್ಬಳೇ ಹೋದರೆ ಟೀ ಕೊಟ್ಟು ಕಳಿಸುತ್ತಾರೆ. ಹತ್ತು ಜನ ರೈತರನ್ನು ಕರೆದುಕೊಂಡು ಬರುತ್ತೇವೆ ಅಂತ ಪತ್ರ ಕೊಡು, ದಿನ ಗೊತ್ತು ಮಾಡಿ ಕರೆಯುತ್ತಾರೆ.

ಕೋಟೆ ಊರಿನವ (ಗಜೇಂದ್ರಗಡ) · ಜೂನ್ 4, ಬೆಳಿಗ್ಗೆ 7:12

ಜೆಸಿಬಿಯವನೇ ನಮ್ಮ ಜಿಲ್ಲೆಯ ಮುಖ್ಯ ಎಂಜಿನಿಯರ್. ಇದು ಎಲ್ಲರಿಗೂ ಗೊತ್ತಿರೋ ವಿಷಯ 😀

ಎರಿ ಮಣ್ಣು (ನವಲಗುಂದ) · ಜೂನ್ 4, ಬೆಳಿಗ್ಗೆ 9:30

ಸುಜಲಾ ಅಣ್ಣಾರು ಹೇಳಿದ್ದು ಮಸಾರಿಗೆ ಸರಿ. ಇದನ್ನು ಓದುವ ಬೇರೆ ಸಂಯೋಜಕರು ದಯವಿಟ್ಟು ಎರೆ (ಕಪ್ಪು) ನೆಲಕ್ಕೆ ಹಾಗೇ ಎತ್ತಿಕೊಂಡು ಹೋಗಬೇಡಿ.

ನಮ್ಮಲ್ಲಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆಯೆಲ್ಲ ಬಿರುಕಿಗೆ ಹೋಗುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿತು ಅಂದರೆ ಮುಗಿಯಿತು, ನೀರು ಕೆಳಗೆ ಇಳಿಯುವುದೇ ಇಲ್ಲ. ಅಲ್ಲಿ ಸಮಮಟ್ಟದ ಒಡ್ಡು ಹಾಕಿದರೆ ನೀರು ವಾರಗಟ್ಟಲೆ ನಿಂತು ಹೆಸರು ಬೆಳೆ ಹಳದಿಯಾಗುತ್ತದೆ. ಒಡ್ಡೂ ಒಣಗಿ ಬಿರಿಯುತ್ತದೆ, ಮುಂದಿನ ವರ್ಷ ಅಲ್ಲೇ ಒಡೆಯುತ್ತದೆ. ಎರೆಗೆ ಬೇಕಾಗಿದ್ದು ಸ್ವಲ್ಪ ಇಳಿಜಾರು ಕೊಟ್ಟ ಒಡ್ಡು. ನೂರು ಅಡಿಗೆ ಮೂರು ನಾಲ್ಕು ಇಂಚು ಸಾಕು. ನೀರು ಓಡಬಾರದು, ನಡೆಯಬೇಕು. ನಡೆದು ಹೋಗಿ ಹುಲ್ಲು ಬೆಳೆದ ಕಾಲುವೆಗೆ ಬೀಳಬೇಕು. ಹಿಂಗಾರಿ ಜೋಳ, ಕಡಲೆ ಹಾಕುವವರಿಗೆ ಚೌಕು ಮಡಿ (ಸಣ್ಣ ಬದುಗಳ ಚೌಕ) ಮಾಡಿಸಿ, ಅದು ಅಗ್ಗ, ಎತ್ತಿನಲ್ಲೇ ಆಗುತ್ತದೆ.

ನಮ್ಮ ತಾಲ್ಲೂಕಿಗೆ ಬಂದಿದ್ದ ಒಂದು ತಂಡ ಬೇರೆ ಜಿಲ್ಲೆಯ ಅಂದಾಜುಪಟ್ಟಿಯನ್ನೇ ಹೆಸರು ಬದಲಿಸಿ ತಂದಿತ್ತು. ಅದರಲ್ಲಿ ಗುಡ್ಡಕ್ಕೆ ಹಾಕುವ ಕಲ್ಲಿನ ತಡೆ ಕೂಡ ಇತ್ತು. ನವಲಗುಂದದ ಎರೆಯಲ್ಲಿ ಕಲ್ಲು ಎಲ್ಲಿಂದ ತರುತ್ತೀರಿ ಸ್ವಾಮಿ? ಮುಷ್ಟಿಯಷ್ಟು ಕಲ್ಲು ಸಿಕ್ಕರೆ ನಾವು ಅದನ್ನು ದೇವರು ಮಾಡಿ ಪೂಜಿಸುತ್ತೇವೆ.

ಇನ್ನು ಬೆಣ್ಣಿಹಳ್ಳ. ಶಿಗ್ಗಾವಿ ಕಡೆಯಿಂದ ಹುಟ್ಟಿ ಬಂದು ಮಲಪ್ರಭೆ ಸೇರುವ ಹಳ್ಳ. ಬೇಸಿಗೆಯಲ್ಲಿ ಚಪ್ಪಲಿ ಒದ್ದೆಯಾಗದೆ ದಾಟಬಹುದು. 2019ರ ಆಗಸ್ಟಿನಲ್ಲಿ ಅದು ಉಕ್ಕಿ ಏನು ಮಾಡಿತು ಎಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ನಾಲ್ಕು ವರ್ಷ ಬಿಟ್ಟು 2023ರಲ್ಲಿ ಬರ. ಅದೇ ರೈತ ಒಂದು ವರ್ಷ "ನೀರು ಹೊರಗೆ ಹಾಕಿಸಿ" ಅಂತಾನೆ, ಇನ್ನೊಂದು ವರ್ಷ "ನೀರು ಹಿಡಿಸಿ" ಅಂತಾನೆ. ಎರಡೂ ನಿಜ. ನಮ್ಮ ಫಾರ್ಮಿನಲ್ಲಿ ಮಾತ್ರ ಒಂದೇ ಕಾಲಂ ಇದೆ.

ಹಳೇ ಸುಜಲಾ · ಜೂನ್ 4, ಬೆಳಿಗ್ಗೆ 10:05

ಒಪ್ಪಿದೆ. ನಾನು ಕೆಂಪು ನೆಲದವನು, ಎರೆಯಲ್ಲಿ ಕೆಲಸ ಮಾಡಿದ್ದು ಒಂದೇ ಹಂಗಾಮು. ಅದೂ ಬೈಕು ಹೂತು ಹೋಗಿ ಎತ್ತು ಕಟ್ಟಿ ಎಳೆಸಿದ್ದು.

ಕಲಘಟಗಿ ಅಕ್ಕ · ಜೂನ್ 4, ಮಧ್ಯಾಹ್ನ 2:20

ಒಡ್ಡಿನ ವಿಷಯ ಅಣ್ಣಂದಿರು ನೋಡಿಕೊಳ್ಳಲಿ. ತಂಗಿ ಕೊನೆಗೆ ನಾಚಿಕೊಂಡು ಕೇಳಿದ್ದಕ್ಕೆ ನಾನು ಹೇಳುತ್ತೇನೆ. ಹನ್ನೊಂದು ವರ್ಷದಿಂದ ಇದೇ ಕೆಲಸ, ಮೂರು ಸಂಸ್ಥೆ ಬದಲಾಯಿಸಿದ್ದೇನೆ.

ನಾಚಿಕೆ ಬೇಡ. ನಿನ್ನ ನೇಮಕಾತಿ ಪತ್ರ ತೆಗೆದು ನೋಡು. ಪ್ರಯಾಣ ವೆಚ್ಚ ಅಂತ ಸಾಲು ಇದೆಯಾ? ಇದ್ದರೆ ಪ್ರತಿ ತಿಂಗಳು 1ನೇ ತಾರೀಕು ಬರಹದಲ್ಲಿ ಕೇಳು. ವಾಟ್ಸ್‌ಆ್ಯಪ್‌ನಲ್ಲಿ ಅಲ್ಲ, ಪತ್ರದಲ್ಲಿ. ಪತ್ರಕ್ಕೆ 'ತಲುಪಿದೆ' ಅಂತ ಸಹಿ ತಗೋ. ಒಂದು ಡೈರಿ ಇಡು: ತಾರೀಕು, ಹೋದ ಊರು, ಕಿಲೋಮೀಟರ್, ಭೇಟಿಯಾದವರು. ನನಗೆ ಒಮ್ಮೆ ಐದು ತಿಂಗಳದ್ದು ಬಾಕಿ ಇತ್ತು. ಆ ಸಂಸ್ಥೆಯವರು "ನೀವು ಫೀಲ್ಡಿಗೆ ಹೋಗಿದ್ದಕ್ಕೆ ದಾಖಲೆ ಏನು?" ಅಂದರು. ಡೈರಿ ಮೇಜಿನ ಮೇಲೆ ಇಟ್ಟೆ. ಹದಿನೆಂಟು ದಿನದಲ್ಲಿ ಚೆಕ್ ಬಂತು.

ತರಬೇತಿಗೆ ದುಡ್ಡಿಲ್ಲ ಅಂದರೂ ಒಪ್ಪಬೇಡ. ಜಲಾನಯನ ಯೋಜನೆಗಳಿಗೆ ಕೇಂದ್ರ ಕೊಟ್ಟ 2008ರ ಸಾಮಾನ್ಯ ಮಾರ್ಗಸೂಚಿಯಲ್ಲೇ ಸಂಘ ಕಟ್ಟಲು ಮತ್ತು ತರಬೇತಿಗೆ ಅಂತ ಶೇ. 5 ಇಟ್ಟಿದ್ದರು. 2021ರಿಂದ ಹೊಸ ಮಾರ್ಗಸೂಚಿ ಬಂದಿದೆ, ಬಯಲು ಸೀಮೆಗೆ ಹೆಕ್ಟೇರಿಗೆ 12 ಸಾವಿರ ಇದ್ದದ್ದು 22 ಸಾವಿರ ಆಗಿದೆ. ದುಡ್ಡು ಎಲ್ಲೋ ಇದೆ. ನಿನ್ನ ಯೋಜನೆಯ ಡಿಪಿಆರ್ (ವಿವರವಾದ ಯೋಜನಾ ವರದಿ) ತರಿಸಿಕೊಂಡು ಓದು. ಅದು ರಹಸ್ಯ ಕಾಗದ ಅಲ್ಲ, ಜಲಾನಯನ ಸಮಿತಿಯ ಹತ್ತಿರ ಒಂದು ಪ್ರತಿ ಇರಲೇಬೇಕು. ಎಷ್ಟೋ ಸಂಯೋಜಕರು ತಮ್ಮದೇ ಯೋಜನೆಯ ಡಿಪಿಆರ್ ಮುಟ್ಟಿ ನೋಡಿರುವುದಿಲ್ಲ.

ಇನ್ನೊಂದು ಹೆಣ್ಣುಮಕ್ಕಳ ಮಾತು. ಪಂಚಾಯಿತಿ ಕಟ್ಟೆಯ ಮೇಲೆ ಬೈದವನು ಮನೆಯಲ್ಲಿ ಬೈಯುವುದಿಲ್ಲ. ಅವರ ಮನೆಗೆ ಹೋಗು. ಮನೆಯ ಹೆಂಗಸರ ಹತ್ತಿರ ಕೂತು ಮಾತಾಡು. ಯಾವ ಹೊಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಅನ್ನೋದು ಕಳೆ ತೆಗೆಯುವವರಿಗೆ ಗೊತ್ತಿರುವಷ್ಟು ಗಂಡಸರಿಗೆ ಗೊತ್ತಿರುವುದಿಲ್ಲ. ನಾನು ನಕ್ಷೆ ಮಾಡಿಸುವಾಗ ಮೊದಲು ಕರೆಯುವುದೇ ನರೇಗಾದ ಕೂಲಿ ತಂಡ ನಡೆಸುವ ಕಾಯಕ ಬಂಧುಗಳನ್ನು. ಅವರಿಗೆ ಮೂವತ್ತು ಜನರನ್ನು ಕೆಲಸಕ್ಕೆ ನಿಲ್ಲಿಸಿ ಗೊತ್ತು, ಯಾರ ಹೊಲ ಯಾರ ಹೊಲಕ್ಕೆ ತಾಗಿದೆ ಅನ್ನೋದೂ ಗೊತ್ತು.

ಮತ್ತೆ, ಸಂಜೆ ಏಳರ ಮೇಲೆ ಸಭೆ ಇಡಬೇಡ. ಗಂಡಸರು ಆಗ ಪುರುಸೊತ್ತು ಅಂತಾರೆ. ನೀನು ವಾಪಸ್ ಹೋಗಬೇಕಲ್ಲ.

ನಕ್ಷೆ ಹುಡುಗ (ಧಾರವಾಡ) · ಜೂನ್ 4, ಸಂಜೆ 6:48

ಅಕ್ಕಾ, ನಾನು ಎರೆ, ಮಸಾರಿ ಎರಡೂ ಗೊತ್ತಿಲ್ಲದ ಕಂಪ್ಯೂಟರ್ ಮುಂದಿನವನು. ಆದರೆ ಗದಗ ಜಿಲ್ಲೆಯವರಿಗೆ ಒಂದು ಅದೃಷ್ಟ ಇದೆ. ಸುಜಲಾದ ಮೂರನೇ ಹಂತದ ಹನ್ನೊಂದು ಜಿಲ್ಲೆಗಳಲ್ಲಿ ಗದಗವೂ ಇತ್ತು. ಆಗ ಎಲ್‌ಆರ್‌ಐ ಅಂತ ಭೂಸಂಪನ್ಮೂಲ ಸಮೀಕ್ಷೆ ಮಾಡಿದರು. ಸರ್ವೆ ನಂಬರ್ ಕಾಣುವ 1:7920 ಅಳತೆಯ ನಕ್ಷೆ. ಮಣ್ಣಿನ ಆಳ, ಇಳಿಜಾರು, ಕೊಚ್ಚಣೆ, ಯಾವ ಬೆಳೆ ಹೊಂದುತ್ತದೆ, ಎಲ್ಲಾ ಇರುತ್ತದೆ. ಇಡೀ ಜಿಲ್ಲೆ ಆಗಿಲ್ಲ, ಆಯ್ದ ಕಿರು ಜಲಾನಯನಗಳು ಮಾತ್ರ. ನಿಮ್ಮ ಊರು ಇದೆಯಾ ಎಂದು ಕಿರು ಜಲಾನಯನದ ಕೋಡ್ ಹೇಳಿ ಕೃಷಿ ಇಲಾಖೆಯಲ್ಲಿ ಕೇಳಿ. ಇದ್ದರೆ ನಿಮ್ಮ ಅರ್ಧ ಕೆಲಸ ಆಯಿತು.

ಹೊಲದಲ್ಲಿ ನಿಂತಾಗ ಸರ್ವೆ ನಂಬರ್ ಬೇಕಾದರೆ ದಿಶಾಂಕ್ ಆ್ಯಪ್. ಕಾಮಗಾರಿಯ ಫೋಟೊ ಜಾಗದ ಸಮೇತ ಹಾಕಲು ಇಸ್ರೋದ ಭುವನ್‌ನ ದೃಷ್ಟಿ ಆ್ಯಪ್ ನಿಮಗೆ ಕೊಟ್ಟಿರಬೇಕು. ಅದನ್ನು ಮೇಲಿನವರಿಗೆ ಲೆಕ್ಕ ಒಪ್ಪಿಸಲು ಅಂತ ಮಾತ್ರ ನೋಡಬೇಡಿ. ಮಳೆಗೆ ಮುಂಚೆ, ಮಳೆ ಆದ ಮೇಲೆ, ಅದೇ ಜಾಗದಲ್ಲಿ ನಿಂತು ನಿಮಗಾಗಿಯೂ ಒಂದೊಂದು ಫೋಟೊ ಇಟ್ಟುಕೊಳ್ಳಿ. ಜಗಳ ಬಂದಾಗ ಉಪಯೋಗಕ್ಕೆ ಬರುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿದೆ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಸುಮಾರು 4,050 ಲೀಟರ್. ನಿಮ್ಮ ಒಡ್ಡಿನ ಮೇಲೆ 12 ಎಕರೆ ಇದೆ ಅಂತಿಟ್ಟುಕೊಳ್ಳಿ, ಮಳೆ 40 ಮಿ.ಮೀ. ಒಟ್ಟು 19 ಲಕ್ಷ ಲೀಟರ್ ಮೀರುತ್ತದೆ. ಮೂರರಲ್ಲಿ ಒಂದು ಪಾಲು ಹರಿದು ಬಂತು ಅಂದರೂ ಆರೂವರೆ ಲಕ್ಷ ಲೀಟರ್. ಟ್ರ್ಯಾಕ್ಟರಿಗೆ ಕಟ್ಟುವ 5 ಸಾವಿರ ಲೀಟರಿನ ಟ್ಯಾಂಕರ್ ಇರುತ್ತಲ್ಲ, ಅಂಥವು 130. ಒಂದೂವರೆ ತಾಸಿನಲ್ಲಿ ಅಷ್ಟೂ ಆ ಒಂದು ಕೋಡಿಯಲ್ಲಿ ಹೋಗಬೇಕು. ಸರಾಸರಿ ಸೆಕೆಂಡಿಗೆ 120 ಲೀಟರ್. ಮಳೆ ಜೋರಾದ ಹತ್ತು ನಿಮಿಷದಲ್ಲಿ ಇನ್ನೂ ಜಾಸ್ತಿ. ನಿಮ್ಮ ಕೋಡಿ ಎಷ್ಟು ಅಗಲ ಇದೆ?

ಮಳೆ ನಿಜವಾಗಿ ಎಷ್ಟು ಬಂತು ಅಂತ ರಾಜ್ಯದ ವಿಪತ್ತು ನಿರ್ವಹಣಾ ಕೇಂದ್ರದ ಮಳೆಮಾಪಕದಲ್ಲಿ ಸಿಗುತ್ತದೆ, ಪಂಚಾಯಿತಿ ಮಟ್ಟದಲ್ಲೇ ಹಾಕಿದ್ದಾರೆ. ಅವರ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮುನ್ಸೂಚನೆ ಹೇಳುತ್ತಾರೆ.

ಮಸಾರಿ ಹೊಲ · ಜೂನ್ 5, ರಾತ್ರಿ 9:15

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಓದುತ್ತಾ ಸ್ವಲ್ಪ ಅತ್ತೆ, ಸ್ವಲ್ಪ ನಕ್ಕೆ (ಕಲ್ಲು ದೇವರು).

ಕೋಡಿ ಅಳೆದೆ. ಮೂರು ಅಡಿ. ಮೇಲೆ ಇರುವುದು 12 ಅಲ್ಲ, 15 ಎಕರೆ. ಕೋಡಿಯ ಕೆಳಗೆ ಒಂದು ಕಲ್ಲೂ ಹಾಸಿಲ್ಲ, ನೀರು ನಾಲ್ಕು ಅಡಿ ಎತ್ತರದಿಂದ ನೇರ ಮಣ್ಣಿಗೆ ಬಿದ್ದಿದೆ.

ಅಕ್ಕ ಹೇಳಿದ ಹಾಗೆ ಅವರ ಮನೆಗೆ ಹೋಗಿದ್ದೆ. ಬಾಗಿಲಲ್ಲೇ "ತಪ್ಪು ನಮ್ಮದೇರಿ, ಕೋಡಿ ಅಲ್ಲಿ ಬಿಡಬಾರದಿತ್ತು" ಅಂದೆ. ಅವರು ಏನೂ ಹೇಳಲಿಲ್ಲ. ಅವರ ತಾಯಿ ಒಳಗಿಂದ "ಮೊದಲಿಂದ ನೀರು ಬಾರಿಗಿಡದ ಕಡೆ ಹೋಗತಿತ್ತು" ಅಂದರು. ಬಾರಿಗಿಡ ಇರುವುದು ಈಗಿನ ಕೋಡಿಯಿಂದ ನಲವತ್ತು ಹೆಜ್ಜೆ ಆಚೆ. ಅಲ್ಲಿ ನೀರು ಹರಿಯುವ ಸಣ್ಣ ಸರುವು ಇದೆ, ಅದು ನೇರ ಹಳ್ಳಕ್ಕೆ ಸೇರುತ್ತದೆ. ಅಜ್ಜಿಗೆ ಗೊತ್ತಿದ್ದದ್ದು ನಮ್ಮ ಅಂದಾಜುಪಟ್ಟಿಗೆ ಗೊತ್ತಿರಲಿಲ್ಲ.

ತೊಂದರೆ ಏನೆಂದರೆ ಅಲ್ಲಿಗೆ ಕೋಡಿ ಸರಿಸಿದರೆ ಮೇಲಿನವರ ಹೊಲದ ಅರ್ಧ ಗುಂಟೆ ಹೋಗುತ್ತದೆ. ಅವರು ಒಪ್ಪುತ್ತಿಲ್ಲ.

ಗುಡ್ಡದ ಕೆಳಗಿನ ರೈತ (ಶಿರಹಟ್ಟಿ) · ಜೂನ್ 6, ಬೆಳಿಗ್ಗೆ 6:05

ನಾನು ಸಂಯೋಜಕ ಅಲ್ಲ. ನಿಮ್ಮಂಥವರು ಬಂದು ಹೋಗುವುದನ್ನು ನೋಡಿದವನು. ಖಾರವಾಗಿ ಹೇಳಿದರೆ ಬೇಜಾರಾಗಬೇಡಿ.

ನಮ್ಮೂರಿಗೆ ಇಪ್ಪತ್ತು ವರ್ಷದಲ್ಲಿ ಮೂರು ಯೋಜನೆ ಬಂದಿವೆ. ಪ್ರತಿ ಸಲ ಬೋರ್ಡ್ ಹೊಸದು. ಹಳೇ ಚೆಕ್‌ಡ್ಯಾಮಿನಲ್ಲಿ ಹೂಳು ತುಂಬಿ ಅದರ ಮೇಲೆ ಜಾಲಿ ಬೆಳೆದಿದೆ, ಅದರಿಂದ ಇನ್ನೂರು ಮೀಟರ್ ಕೆಳಗೆ ಹೊಸ ಚೆಕ್‌ಡ್ಯಾಂ ಕಟ್ಟಿದರು. ಹಳೇದರ ಹೂಳು ಎತ್ತಿಸಿ ಅಂದೆ. ಹೂಳೆತ್ತುವುದಕ್ಕೆ ಈ ಯೋಜನೆಯಲ್ಲಿ ಹೆಡ್ (ಖರ್ಚಿನ ಬಾಬ್ತು) ಇಲ್ಲ ಅಂದರು. ನೀರಿಗೆ ನಿಮ್ಮ ಹೆಡ್ ಗೊತ್ತಿಲ್ಲ.

ರೈತರಿಂದ ವಂತಿಗೆ ಅಂತ ತಗೊಂಡರು. ಸ್ವಂತ ಹೊಲದ ಕೆಲಸಕ್ಕೆ ಶೇ. 10, ಎಸ್‌ಸಿ, ಎಸ್‌ಟಿ ಮತ್ತು ಸಣ್ಣ ರೈತರಿಗೆ ಶೇ. 5. ಅದು ಜಲಾನಯನ ಅಭಿವೃದ್ಧಿ ನಿಧಿ, ಮುಂದೆ ದುರಸ್ತಿಗೆ ಆಗುತ್ತದೆ ಅಂದರು. ಆ ಖಾತೆಯಲ್ಲಿ ಎಷ್ಟಿದೆ, ಸಹಿ ಯಾರದು ಅಂತ ಇವತ್ತಿಗೂ ಊರಲ್ಲಿ ಯಾರೂ ಹೇಳುತ್ತಿಲ್ಲ. ತಂಗಿ, ನೀನು ಒಂದೇ ಕೆಲಸ ಮಾಡು. ನಿನ್ನ ಮೂರು ಊರಿನ ಆ ಪಾಸ್‌ಬುಕ್ ತಗೊಂಡು ಗ್ರಾಮಸಭೆಯಲ್ಲಿ ಓದಿ ಹೇಳು. ನೂರು ಒಡ್ಡು ಹಾಕಿದ್ದಕ್ಕಿಂತ ಜಾಸ್ತಿ ನಂಬಿಕೆ ಹುಟ್ಟುತ್ತದೆ.

ಅರ್ಧ ಗುಂಟೆ ಬಿಡದವನ ವಿಷಯ. ಅವನು ಬಿಡುವುದಿಲ್ಲ, ನಾನಿದ್ದರೂ ಬಿಡುತ್ತಿರಲಿಲ್ಲ. ಬಿಡು ಅನ್ನಬೇಡ. ಕೋಡಿಯ ಪಕ್ಕ ಅವನಿಗೆ ಏನು ಬರುತ್ತದೆ ಅಂತ ತೋರಿಸು. ಮೇವಿನ ಹುಲ್ಲು ಬರುತ್ತದಾ? ಎರಡು ಮಾವಿನ ಸಸಿ ಬರುತ್ತದಾ?

ವರದಾ ದಂಡೆ (ಹಾವೇರಿ) · ಜೂನ್ 6, ಮಧ್ಯಾಹ್ನ 1:30

ಯಾರೂ ಹೇಳದ ಒಂದು ಮಾತು ಸೇರಿಸುತ್ತೇನೆ. ಕೃಷಿಹೊಂಡ.

21×21×3 ಮೀಟರ್ ಹೊಂಡ, ಬದಿ ಒಂದಕ್ಕೆ ಒಂದು (1:1) ಇಳಿಜಾರು ಇದ್ದರೆ ಹತ್ತಿರ ಹತ್ತಿರ 9.8 ಲಕ್ಷ ಲೀಟರ್ ಹಿಡಿಯುತ್ತದೆ. ಬೆಳೆಗೆ ಎರಡು ನೀರು ಸಿಗುತ್ತದೆ, ಖುಷಿ. ಆದರೆ ಒಳಗೆ ಪ್ಲಾಸ್ಟಿಕ್ ಹಾಳೆ ಹಾಕಿದ ಹೊಂಡಕ್ಕೆ ಬಿದ್ದವರು ಹತ್ತಿ ಬರಲು ಆಗುವುದಿಲ್ಲ. ಜಾರುತ್ತದೆ, ಹಿಡಿಯಲು ಏನೂ ಇರುವುದಿಲ್ಲ. ಈಜು ಬಂದರೂ ಅಷ್ಟೆ. ನನ್ನ ಕಾರ್ಯಕ್ಷೇತ್ರದಲ್ಲಿ ಒಂದು ಮಗು ಹೋಯಿತು. ಬೇಲಿಯ ಬಿಲ್ಲು ಇನ್ನೂ ಪಾಸಾಗಿರಲಿಲ್ಲ, ಹೊಂಡ ತುಂಬಿತ್ತು. ನಾನು ಆರು ತಿಂಗಳು ಆ ದಾರಿಯಲ್ಲಿ ಹೋಗಲಿಲ್ಲ. ಸಂಸ್ಥೆಯಲ್ಲಿ ಯಾರೂ ನನ್ನನ್ನು ಕೂರಿಸಿಕೊಂಡು ಮಾತಾಡಲಿಲ್ಲ, ಮುಂದಿನ ವಾರದ ಗುರಿ ಎಷ್ಟು ಅಂತ ಕೇಳಿದರು.

ರಾಜ್ಯದ ಕೃಷಿಭಾಗ್ಯ ಯೋಜನೆಯ ಪ್ಯಾಕೇಜಿನಲ್ಲಿ ತಂತಿಬೇಲಿ ಸೇರಿದೆ. ಬೇಲಿ ಆಗದೆ ನೀರು ತುಂಬಲು ಬಿಡಬೇಡಿ. ಅಲ್ಲಿಯವರೆಗೆ ಗಂಟು ಹಾಕಿದ ದಪ್ಪ ಹಗ್ಗ ನಾಲ್ಕೂ ಕಡೆ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡಿ. ಹಳೇ ಟೈರ್ ಒಂದು ತೇಲಲಿ. ಇನ್ನೂರು ಮುನ್ನೂರು ರೂಪಾಯಿಯ ಕೆಲಸ. ಯಾವ ಅಂದಾಜುಪಟ್ಟಿಯಲ್ಲೂ ಇರುವುದಿಲ್ಲ, ನೀವೇ ಮಾಡಬೇಕು.

ಕಲಘಟಗಿ ಅಕ್ಕ · ಜೂನ್ 6, ಮಧ್ಯಾಹ್ನ 2:02

ಅಣ್ಣಾ, ನಿಮ್ಮ ನಂಬರ್ ನನಗೆ ಮೆಸೇಜ್ ಮಾಡಿ. ಸಂಜೆ ಫೋನ್ ಮಾಡುತ್ತೇನೆ. ಸುಮ್ನೆ, ಮಾತಾಡಲಿಕ್ಕೆ.

ಎರಿ ಮಣ್ಣು · ಜೂನ್ 6, ಸಂಜೆ 7:40

ನಾನೂ ಬರುತ್ತೇನೆ. ತಿಂಗಳಿಗೊಂದು ಶನಿವಾರ ಹುಬ್ಬಳ್ಳಿಯಲ್ಲಿ ಎಲ್ಲಾದರೂ ಸೇರೋಣ ಅಲ್ವಾ? ಬ್ಯಾನರ್ ಬೇಡ, ಅತಿಥಿಗಳು ಬೇಡ. ಗಿರಮಿಟ್ಟು, ಮಿರ್ಚಿ ಸಾಕು. ಒಬ್ಬೊಬ್ಬರು ತಮ್ಮ ಒಂದು ಕೆಟ್ಟ ಕೆಲಸದ ಫೋಟೊ ತರಬೇಕು. ಒಳ್ಳೆಯದು ವರದಿಯಲ್ಲಿ ಹೇಗೂ ಇರುತ್ತದೆ.

ಹಳೇ ಸುಜಲಾ · ಜೂನ್ 6, ರಾತ್ರಿ 8:10

ಫೋಟೊ ಸಾಲುವುದಿಲ್ಲ, ನಾನು ಆಲ್ಬಮ್ ತರುತ್ತೇನೆ.

ಮಸಾರಿ ಹೊಲ · ಜೂನ್ 27, ರಾತ್ರಿ 9:50

ತಡವಾಯಿತು. ನಡೆದದ್ದು ಹೇಳುತ್ತೇನೆ.

ಮೃಗಶಿರಾ ಮಳೆ ಒಂದು ಮಧ್ಯಾಹ್ನ ಶುರುವಾದಾಗ ನಾನು ಊರಲ್ಲೇ ಇದ್ದೆ. ಇಬ್ಬರನ್ನೂ ಕರೆದೆ. ಕೆಳಗಿನವರು ಬಂದರು, ಮೇಲಿನವರು ಬರಲಿಲ್ಲ, ಅವರ ಮಗ ಬಂದ. ಪಿಯುಸಿ ಹುಡುಗ. ಮೂವರೂ ಗೊಬ್ಬರದ ಚೀಲ ತಲೆಗೆ ಹಾಕಿಕೊಂಡು ನಿಂತೆವು. ಒಡ್ಡಿನ ಹಿಂದೆ ನೀರು ಕಟ್ಟುತ್ತಾ ಬಂತು, ಕೆಂಪು ಚಹಾದ ಬಣ್ಣ. ನೀರು ಕೋಡಿಯ ಕಡೆ ಬರುವ ಬದಲು ಮೊದಲು ಬಾರಿಗಿಡದ ಕಡೆ ಜರುಗಿತು, ಅಲ್ಲಿ ಒಡ್ಡು ತಡೆದ ಮೇಲೆ ತಿರುಗಿ ಬಂತು. ಹುಡುಗ ನೋಡಿ "ಇದು ಹೊಳ್ಳಿ ಬರಾಕತ್ತೈತ್ರಿ" ಅಂದ. ಅವನೇ ಗೂಟ ಹೊಡೆದ. ಮನೆಯಲ್ಲಿ ಅಪ್ಪನಿಗೆ ಏನು ಹೇಳಿದನೋ, ಮೂರನೇ ದಿನ ಅವರು ಫೋನ್ ಮಾಡಿ "ಹುಲ್ಲು ನಂದು, ಮತ್ತ ಕೇಳಬ್ಯಾಡ್ರಿ" ಅಂದರು. ಶಿರಹಟ್ಟಿ ಅಣ್ಣಾರೆ, ನೀವು ಹೇಳಿದ್ದೇ.

ಹಳೇ ಕೋಡಿ ಮುಚ್ಚಿ, ಬಾರಿಗಿಡದ ಹತ್ತಿರ ಎಂಟು ಅಡಿ ಅಗಲ ಬಿಟ್ಟೆವು. ಎ-ಫ್ರೇಮ್‌ನಲ್ಲಿ ಮಟ್ಟ ನೋಡಿದ್ದು ನಾನು ಮತ್ತು ಇಬ್ಬರು ಕಾಯಕ ಬಂಧುಗಳು. ನಡುಗೆರೆ ಹಾಕಿದ್ದೆವು ಸರ್! ಎಂಜಿನಿಯರ್ ಬಂದು ಅವರ ಉಪಕರಣದಲ್ಲಿ ನೋಡಿದರು, ಒಂದು ಇಂಚು ವ್ಯತ್ಯಾಸ. ಅವರೇ ಎಂಟು ಅಡಿಗೆ ಒಪ್ಪಿ ಸಹಿ ಹಾಕಿದರು. ಕೆಳಗೆ ಹಾಸಲು ಕಲ್ಲು ಇಬ್ಬರ ಹೊಲದಲ್ಲೂ ಬದುವಿನ ಮೇಲೆ ರಾಶಿ ಬಿದ್ದಿತ್ತು. ಒಂದು ಟ್ರ್ಯಾಕ್ಟರ್ ಬಾಡಿಗೆ ನಿಧಿಯಿಂದ ಕೊಟ್ಟೆವು. ಹೌದು, ಪಾಸ್‌ಬುಕ್ ಸಿಕ್ಕಿತು. ಒಂದು ಊರಿನದು. ಗ್ರಾಮಸಭೆಯಲ್ಲಿ ಓದಿದೆ, ಐದು ನಿಮಿಷ ಯಾರೂ ಮಾತಾಡಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಉಳಿದೆರಡು ಊರಿನದು ಇನ್ನೂ ಹುಡುಕುತ್ತಿದ್ದಾರೆ.

ಮೊನ್ನೆ ಆರಿದ್ರಾ ಮಳೆ, 38 ಮಿ.ಮೀ. ಬೆಳಿಗ್ಗೆ ಆರಕ್ಕೆ ಕೆಳಗಿನವರ ಫೋನ್. ನಾನು ಹೆದರಿಕೊಂಡೇ ಎತ್ತಿದೆ. "ಹೊಂಟೈತಿ ನೋಡವಾ, ಹಳ್ಳಕ್ಕ ಸೀದಾ ಹೊಂಟೈತಿ" ಅಂದರು. ಅವರ ಕೊರಕಲು ಇನ್ನೂ ಹಾಗೇ ಇದೆ, ಅದಕ್ಕೆ ಎರಡು ಕಡೆ ಕಲ್ಲಿನ ತಡೆ ಹಾಕಬೇಕು. ಶೇಂಗಾ ಎರಡು ವಾರ ತಡವಾಗಿ ಬಿತ್ತಿದ್ದಾರೆ. ಅದಕ್ಕೆ ಪರಿಹಾರ ಯಾವ ಹೆಡ್‌ನಲ್ಲೂ ಇಲ್ಲ, ಪತ್ರ ಬರೆದಿದ್ದೇನೆ. ಅದೇ ಮಳೆಗೆ ಪಕ್ಕದ ಊರಿನ ಇನ್ನೊಂದು ಒಡ್ಡು ಇಲಿ ಬಿಲದಿಂದ ಸೋರಿ ಅರ್ಧ ಕುಸಿದಿದೆ. ನಾಳೆ ಅಲ್ಲಿಗೆ ಹೋಗಬೇಕು.

ಗೌರವಧನ ಮೂರರಲ್ಲಿ ಒಂದು ತಿಂಗಳದ್ದು ಬಂತು. ಡೈರಿ ಶುರು ಮಾಡಿದ್ದೇನೆ ಅಕ್ಕಾ.

ಹಳೇ ಸುಜಲಾ · ಜೂನ್ 27, ರಾತ್ರಿ 10:20

ಇಲಿ ಬಿಲ ಬರೀ ಮೇಲೆ ಮುಚ್ಚಿದರೆ ಆಗದು. ಬಿಲದ ಉದ್ದಕ್ಕೂ ಅಗೆದು, ಒಂದೊಂದು ಅಂಗೈ ದಪ್ಪ ಮಣ್ಣು ಹಾಕಿದ ಹಾಗೆಲ್ಲ ನೀರು ಚಿಮುಕಿಸಿ ಬಡಿಯಬೇಕು. ಹೊಸ ಕೋಡಿಯ ಎರಡೂ ಬದಿಗೆ ಲಾವಂಚ ಹಚ್ಚಿಸು, ಈಗಲೇ, ನೆಲ ಹಸಿ ಇರುವಾಗ.

ಮಸಾರಿ ಹೊಲ · ಜೂನ್ 27, ರಾತ್ರಿ 10:24

ಲಾವಂಚದ ಸಸಿ ಎಲ್ಲಿ ಸಿಗುತ್ತೆ ಸರ್?

ಕಲಘಟಗಿ ಅಕ್ಕ · ಜೂನ್ 27, ರಾತ್ರಿ 10:31

ನನ್ನ ಹತ್ತಿರ ಒಂದು ಬದು ತುಂಬಾ ಇದೆ. ಶನಿವಾರ ಹುಬ್ಬಳ್ಳಿಗೆ ಎರಡು ಚೀಲ ತರುತ್ತೇನೆ. ನೀನು ಬಸ್ಸಿಗೆ ಬರ್ತೀಯಲ್ಲ, ಒದ್ದೆ ಗೋಣಿಚೀಲ ಒಂದು ಎಕ್ಸ್‌ಟ್ರಾ ತಗೊಂಡು ಬಾ.